ಗವಾಕ್ಷಿ ಮುಚ್ಚಿದ ಊರುಗಳು

ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಇರುತ್ತಿತ್ತು. ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಆ ಕಿಂಡಿಯಿಂದ ಬೆಳಕು ಇಳಿಯುತ್ತಿತ್ತು, ಒಲೆಯ ಹೊಗೆ ಮೇಲೆ ಹೋಗುತ್ತಿತ್ತು. ಬುಕ್ಕಾಪಟ್ಟಣ, ಶಿರಾ, ಪಾವಗಡದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ ಬೇಗೆಯನ್ನು ಹೊರಗಿಟ್ಟು ಬೆಳಕನ್ನಷ್ಟೇ ಒಳಗೆ ತರುವುದೇ ಊರು ಕಟ್ಟುವವರ ಜಾಣ್ಮೆಯಾಗಿತ್ತು. ಕಿರಿದಾದ ಓಣಿ ನೆರಳು ಕೊಟ್ಟರೆ, ಒಳಗಿನ ಅಂಗಳ ಬೆಳಕು ಕೊಡುತ್ತಿತ್ತು. ಪರ್ದಾ ಪಾಲಿಸುವ ಮನೆಗಳ ಹೆಂಗಸರ ಪಾಲಿನ ಆಕಾಶವೂ ಆ ಅಂಗಳವೇ.

1638ರಲ್ಲಿ ಬಿಜಾಪುರದ ವಶವಾದ ಶಿರಾ, 1687ರ ನಂತರ ಮೊಗಲರ ಪ್ರಾಂತ್ಯದ ರಾಜಧಾನಿಯಾಯಿತು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವೆಂದು ಹೇಳಲಾಗಿದೆ. ಮುಂದೆ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಬಳಿ ಗಂಜಾಂ ಕಟ್ಟಿದಾಗ ಶಿರಾದಿಂದ 12,000 ಕುಟುಂಬಗಳನ್ನು ಒತ್ತಾಯದಿಂದ ಅಲ್ಲಿಗೆ ಸಾಗಿಸಲಾಯಿತೆಂದು ಗೆಜೆಟಿಯರ್ ದಾಖಲಿಸಿದೆ.

ಮೈಸೂರು ಸಂಸ್ಥಾನದಲ್ಲಿ ಮನೆಯ ಬೆಳಕು ಸರಕಾರದ ಚಿಂತೆಯಾದದ್ದು 1898ರ ಪ್ಲೇಗಿನಲ್ಲಿ. ಕತ್ತಲೆಯ, ತೇವದ ಮನೆಗಳೇ ರೋಗದ ಬೀಡೆಂದು ಅಂದಿನ ಅಧಿಕಾರಿಗಳು ನಂಬಿದ್ದರು. ಮುಂಬಯಿಯಲ್ಲಿ ಬಿಸಿಲು ಬೀಳಲೆಂದು ಬಡವರ ಮನೆಗಳ ಹೆಂಚು ಕೀಳಿಸಿದರು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯ ಅದೇ ವರ್ಷ ಕರಾಚಿಯಲ್ಲಿ ತೋರಿಸಿಕೊಟ್ಟರೂ, ಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಪ್ಲೇಗು ಕ್ರಮಗಳ ದಬ್ಬಾಳಿಕೆ ತಾಳಲಾರದೆ ಗಂಜಾಂನ ಜನ 1898ರಲ್ಲಿ ದಂಗೆಯೆದ್ದರು. ಹೇಳದೆ ಕೇಳದೆ ಹೇರಿದರೆ ಬೆಳಕು ಕೂಡ ಜನರಿಗೆ ಶಿಕ್ಷೆಯೇ.

ಆ ಪ್ಲೇಗಿನ ಬೆನ್ನಿಗೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಸಂದಿ. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಮಂಡಳಿ ಬಂತು. ಗಾಳಿ ಬೆಳಕು ಊರಿನ ನಕ್ಷೆಯ ಭಾಗವಾದವು, ನಿಜ. ಆದರೆ ಮೊದಲು ದಕ್ಕಿದ್ದು ನಿವೇಶನ ಕೊಳ್ಳಬಲ್ಲವರಿಗೆ. 1914ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡಿಸ್ ಬೇರೆ ದಾರಿ ತೋರಿಸಿದರು. ಓಣಿಯನ್ನೇ ಕೆಡವಬೇಡಿ, ಪಾಳುಬಿದ್ದ ಒಂದೆರಡು ಮನೆ ತೆಗೆದು ಅಲ್ಲಿ ಪುಟ್ಟ ಬಯಲು ಬಿಡಿ, ನೆರೆಹೊರೆ ಉಳಿಯಲಿ ಎಂಬುದು ಅವರ ವಾದದ ಸಾರ.

ಇಂದು ನಮ್ಮ ಮೊಹಲ್ಲಾಗಳಲ್ಲಿ ಆಗುತ್ತಿರುವುದೇನು? ಅಣ್ಣತಮ್ಮಂದಿರು ಪಾಲಾದಾಗ ಅಂಗಳವೂ ಪಾಲಾಗಿ ಕೋಣೆಯಾಗುತ್ತದೆ. ಮಾಳಿಗೆ ಹೋಗಿ ಆರ್‌ಸಿಸಿ ಬಂದಾಗ ಗವಾಕ್ಷಿ ಮುಚ್ಚುತ್ತದೆ. ಓಣಿ ಮಾತ್ರ ಅದೇ ಹತ್ತು ಅಡಿ. ಶಿರಾ ಸೀಮೆಯಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲಿ ಸೂರ್ಯನಿರುವುದು ಸುಮಾರು 53 ಡಿಗ್ರಿ ಎತ್ತರದಲ್ಲಿ. ಪೂರ್ವ–ಪಶ್ಚಿಮವಾಗಿ ಹರಿದ ಹತ್ತಡಿ ಓಣಿಯ ತೆಂಕಣ ಸಾಲಿನ ಮನೆಗಳು ಹತ್ತಡಿ ಎತ್ತರವಿದ್ದರೆ ಆ ಹೊತ್ತಿನಲ್ಲಿ ನೆಲಕ್ಕೆ ಬಿಸಿಲು ತಾಗುತ್ತದೆ. ಮೂವತ್ತಡಿಗೆ ಏರಿದರೆ ಬಿಸಿಲು ಎದುರು ಮನೆಯ ಮಹಡಿಗೇ ನಿಂತುಬಿಡುತ್ತದೆ. ಕೆಳಗಿನ ಕೋಣೆಯಲ್ಲಿ ಹಗಲೆಲ್ಲ ಕೂರುವವರು ಹೆಂಗಸರು, ಮುದುಕರು, ಬೀಡಿ ಸುತ್ತುವವರು. ಬೆಳಕಿಲ್ಲದ, ಗಾಳಿಯಾಡದ ಇಕ್ಕಟ್ಟಿನಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ.

ಇದೇ ಸೀಮೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಬಿಸಿಲನ್ನು ವಿದ್ಯುತ್ತಾಗಿಸಿ, ಹಾಡುಹಗಲೇ ಬಲ್ಬು ಉರಿಸಿಕೊಂಡು ಕೂರುವ ಮನೆಗಳನ್ನು ನಾವು ಕಟ್ಟುತ್ತಿದ್ದೇವೆ. ಮನೆ ಕಟ್ಟಲು ಪರವಾನಗಿ ಕೊಡುವವರು ಬೆಳಕನ್ನೂ ಅಳೆಯಲಿ. ಪಾಲು ಹಂಚಿಕೊಳ್ಳುವ ನಾವು ಒಂದು ತುಂಡು ಅಂಗಳವನ್ನಾದರೂ ಎಲ್ಲರದ್ದಾಗಿ ಉಳಿಸೋಣ. ಅಷ್ಟಕ್ಕೆ ಸರಕಾರದ ಯೋಜನೆಯೇನೂ ಬೇಕಿಲ್ಲ.