ಮೂಗ್ ಯಂತ್ರ, ಮೈಸೂರಿನ ಮನೆ ಮತ್ತು ಅಜ್ಜಿಯರ ಹಾಡು

"ಮಗಳು ಚೆನ್ನಾಗಿ ಹಾಡ್ತಾಳೆ ಸಾರ್, ಮನೆಯಲ್ಲೇ ರೆಕಾರ್ಡ್ ಮಾಡೋಕೆ ಏನೇನು ತಗೋಬೇಕು?" ಗುಜರಾತಿನ ನಮ್ಮ ಕನ್ನಡದ ಮನೆಗಳಲ್ಲಿ ಈಗೀಗ ಈ ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಆಗಲೇ ದೊಡ್ಡ ಕೀಬೋರ್ಡೊಂದು ಕೂತಿರುತ್ತದೆ. ಅಂಥವರಿಗೆ ನಾನು ನಮ್ಮ ಅಹಮದಾಬಾದಿನದೇ ಒಂದು ಕಥೆ ಹೇಳುತ್ತೇನೆ.

ಸಾಬರಮತಿ ದಡದಲ್ಲಿ, ಪಾಲ್ಡಿಯಲ್ಲಿ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆಯಲ್ಲ, ಎಲ್ಲರೂ ಎನ್‌ಐಡಿ ಅನ್ನುತ್ತಾರೆ. ಶುರುವಾದದ್ದು 1961ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಗೌತಮ್ ಮತ್ತು ಗಿರಾ ಸಾರಾಭಾಯಿ ಅವರ ಸೋದರಿ ಗೀತಾ ಸಾರಾಭಾಯಿ. ಪಖವಾಜ್ ಕಲಿತ ಹೆಣ್ಣುಮಗಳು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರನಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವನಿಂದ ಅವರ ಸಂಗೀತ ಕಲಿತು ಬಂದರು. ದುಡ್ಡಿನ ಮಾತೇ ಇಲ್ಲ, ವಿದ್ಯೆಗೆ ವಿದ್ಯೆ! ಆ ಸ್ನೇಹದ ಎಳೆ ಹಿಡಿದು 1964ರಲ್ಲಿ ಕೇಜ್ ಮತ್ತು ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಒಂದು ನೃತ್ಯ ತಂಡದ ಜೊತೆ ಅಹಮದಾಬಾದಿಗೂ ಬಂದರು. 1969ರಲ್ಲಿ ಟ್ಯೂಡರ್ ಮತ್ತೆ ಬಂದಾಗ ಎನ್‌ಐಡಿಯಲ್ಲಿ ಮೂಗ್ ಸಿಂಥಸೈಜರ್ ಜೋಡಿಸಿಕೊಟ್ಟ. ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಅಂತ ಇದನ್ನೇ ಗುರುತಿಸುತ್ತಾರೆ. (ಮೂಗ್ ಅಂದರೆ ನಗಬೇಡಿ. ಅದನ್ನು ಮಾಡಿದ ರಾಬರ್ಟ್ ಮೂಗ್ ತನ್ನ ಹೆಸರನ್ನು 'ಮೋಗ್' ಅಂತಲೇ ಹೇಳುತ್ತಿದ್ದನಂತೆ. ನಮ್ಮ ಬಾಯಿಗೆ ಮೂಗೇ ಸರಿ.)

ಆ ಕಾಲದ ಮೂಗ್ ಈಗಿನ ಕೀಬೋರ್ಡಿನ ಹಾಗಲ್ಲ. ಬೀರುವಿನಂಥ ಪೆಟ್ಟಿಗೆ, ಅದರ ತುಂಬ ತಿರುಗಿಸುವ ಗುಂಡಿಗಳು, ತೂತುಗಳು. ಧ್ವನಿ ಹುಟ್ಟಿಸುವ ಭಾಗ ಒಂದು, ಸೋಸುವ ಭಾಗ ಇನ್ನೊಂದು, ಏರಿಸಿ ಇಳಿಸುವ ಭಾಗ ಮತ್ತೊಂದು. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಂತೆ ಒಂದರಿಂದ ಇನ್ನೊಂದಕ್ಕೆ ವೈರು ಚುಚ್ಚಬೇಕು. ಒಂದು ಸಲಕ್ಕೆ ಒಂದೇ ಸ್ವರ. ಸೆಕೆ ಹೆಚ್ಚಿದರೆ ಶ್ರುತಿ ಜಾರುತ್ತದೆ. ಅಹಮದಾಬಾದಿನ ಮೇ ತಿಂಗಳು ಗೊತ್ತಿದ್ದವರು ಮುಂದಿನದನ್ನು ಊಹಿಸಿಕೊಳ್ಳಿ! ಎಲ್ಲಕ್ಕಿಂತ ಮುಖ್ಯ, ಅದಕ್ಕೆ ನೆನಪು ಎಂಬುದಿಲ್ಲ. ವೈರು ಕಿತ್ತರೆ ಆ ಧ್ವನಿ ಹೋಯಿತು, ಅಷ್ಟೇ.

ಆದ್ದರಿಂದ ಆ ಕೋಣೆಯ ನಿಜವಾದ ಯಜಮಾನ ಮೂಗ್ ಅಲ್ಲ, ಪಕ್ಕದ ಟೇಪ್ ರೆಕಾರ್ಡರು ಅಂತ ನನ್ನ ಅಭಿಪ್ರಾಯ. ಗೀತಾಬೆನ್, ಹಿಂದುಸ್ತಾನಿ ಗಾಯಕ ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರಾ, ಇವರೆಲ್ಲ 1972ರವರೆಗೆ ಮಾಡಿದ್ದು ಉಳಿದದ್ದು ಟೇಪಿನಿಂದಲೇ. ಆಮೇಲೆ ಎಲ್ಲ ತಣ್ಣಗಾಯಿತು. ಸುಮಾರು 45 ವರ್ಷ ಆ ಸುರುಳಿಗಳು ಸಂಸ್ಥೆಯಲ್ಲೇ ಮಲಗಿದ್ದವು. 2017ರಲ್ಲಿ ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ಕಣ್ಣಿಗೆ ಬಿದ್ದವು, 2020ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅವುಗಳ ಕಥೆ ಬಂತು, 2023ರಲ್ಲಿ ಆಲ್ಬಮ್ಮೇ ಬಂತು. ಜೋಶಿಪುರಾ ಅವರ 'ಸ್ಪೇಸ್ ಲೈನರ್ 2001' ಅದರಲ್ಲಿದೆ, ಕೇಳಿ ನೋಡಿ.

ಟೇಪಿಗೂ ಮುಂಚೆ ಏನಿತ್ತು ಅನ್ನುವುದಕ್ಕೆ ಪಕ್ಕದ ವಡೋದರಕ್ಕೆ ಹೋಗಬೇಕು. ಆಗ್ರಾ ಘರಾಣೆಯ ಉಸ್ತಾದ್ ಫೈಯಾಜ್ ಖಾನ್ ಅಲ್ಲಿ ಆಸ್ಥಾನ ಗಾಯಕರು, 1950ರಲ್ಲಿ ಅಲ್ಲೇ ತೀರಿಕೊಂಡರು. ನೋಮ್-ತೋಮ್ ಆಲಾಪಕ್ಕೆ ಹೆಸರಾದವರು, ಪ್ಲೇಟಿಗೆ ಹಾಡುವಾಗ ಮಾತ್ರ ಎಲ್ಲ ಮೂರು ಮೂರೂವರೆ ನಿಮಿಷದಲ್ಲಿ ಮುಗಿಸಬೇಕು. 78ರ ವೇಗದ ಪ್ಲೇಟಿನ ಒಂದು ಮಗ್ಗುಲು ಹಿಡಿಯುತ್ತಿದ್ದದ್ದೇ ಅಷ್ಟು. ರಾಗವನ್ನು ಯಂತ್ರದ ಅಳತೆಗೆ ಕತ್ತರಿಸಿದ ಹಾಗೆ.

ಮನೆಯಲ್ಲೇ ಸ್ಟುಡಿಯೋ ಅಂದಾಗ ನಮ್ಮವರಿಗೆ ಮೈಸೂರು ನೆನಪಾಗಲೇಬೇಕು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೋ ಶುರುಮಾಡಿದರು. 30 ವಾಟಿನ ಟ್ರಾನ್ಸ್‌ಮಿಟರು, ಒಂದು ಸಣ್ಣ ಬಲ್ಬಿನಷ್ಟು ಶಕ್ತಿ! ಅದಕ್ಕಿಟ್ಟ ಹೆಸರು 'ಆಕಾಶವಾಣಿ', ಮುಂದೆ ಇಡೀ ದೇಶದ ರೇಡಿಯೋಗೆ ಆದ ಹೆಸರು. ಆದರೆ ಬಿತ್ತರಿಸುವುದೇ ಬೇರೆ, ಉಳಿಸುವುದೇ ಬೇರೆ. ಟ್ರಾನ್ಸ್‌ಮಿಟರು ಹಾಡನ್ನು ಊರಿಗೆಲ್ಲ ಹಂಚುತ್ತದೆ, ತಾನು ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಈಗ ಕೊಳ್ಳುವ ಮಾತಿಗೆ ಬರೋಣ. ಮೊದಲು ಕೀಬೋರ್ಡ್ ಬೇಡ. ಕಂಪ್ಯೂಟರು ಹೇಗೂ ಇರುತ್ತದೆ. ಎರಡು ಮೈಕು ಸಿಕ್ಕಿಸುವಂಥ ಆಡಿಯೋ ಇಂಟರ್‌ಫೇಸ್ ಒಂದು, ಕಿವಿ ಪೂರಾ ಮುಚ್ಚುವ ಹೆಡ್‌ಫೋನ್ ಒಂದು, ಮೈಕು, ಸ್ಟ್ಯಾಂಡು. ಇಷ್ಟು ಸಾಕು. ಮೈಕಿನಲ್ಲಿ ಎರಡು ಜಾತಿ. ಕಂಡೆನ್ಸರ್ ಬಹಳ ಸೂಕ್ಷ್ಮ, ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಕೊಡಬೇಕು. ಅಂಗಡಿಯವರು ಇದನ್ನೇ ತೋರಿಸುತ್ತಾರೆ. ಅದು ನಿಮ್ಮ ಹಾಡಿನ ಜೊತೆ ಫ್ಯಾನು, ಪಕ್ಕದ ಮನೆ ಕುಕ್ಕರ್ ಸೀಟಿ ಎಲ್ಲವನ್ನೂ ಹಿಡಿಯುತ್ತದೆ. ಸೂರತ್ತಿನಲ್ಲಿ ಪವರ್‌ಲೂಮ್ ಪಕ್ಕ ಇರುವವರಂತೂ ಅದರ ಗೋಜಿಗೆ ಹೋಗದಿರುವುದೇ ವಾಸಿ. ಡೈನಮಿಕ್ ಮೈಕು ಬಾಯಿಯ ಹತ್ತಿರದ್ದನ್ನು ಚೆನ್ನಾಗಿ ಹಿಡಿದು ದೂರದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ಮಾರಾಟವಾಗುತ್ತಿರುವುದು ಸುಮ್ಮನೆ ಅಲ್ಲ. ಕೋಣೆಗೆ ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ಕಪಾಟಿದ್ದರೆ ಪ್ರತಿಧ್ವನಿ ತಗ್ಗುತ್ತದೆ.

ಮಿಕ್ಕ ದುಡ್ಡಿಗೆ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಎಂಪಿ3 ಬೇಡ, ಅದು ಧ್ವನಿಯ ಒಂದಷ್ಟನ್ನು ಶಾಶ್ವತವಾಗಿ ಬಿಸಾಡುತ್ತದೆ. ವೇವ್ ಫೈಲು, 24 ಬಿಟ್, 48 ಕಿಲೋಹರ್ಟ್ಸ್ ಇರಲಿ. ಒಂದು ಗಂಟೆಯ ಸ್ಟೀರಿಯೋಗೆ ಸುಮಾರು 1 ಜಿಬಿ ಆದೀತು.

ಮತ್ತೊಂದು ಮಾತು. ಮಗಳ ಸಿನಿಮಾ ಹಾಡು ಮುಂದಿನ ವರ್ಷವೂ ರೆಕಾರ್ಡ್ ಆಗುತ್ತದೆ. ಚಳಿಗಾಲದಲ್ಲಿ ಊರಿಂದ ಎರಡು ತಿಂಗಳು ಇರಲು ಬರುತ್ತಾರಲ್ಲ ಅಜ್ಜಿ, ಅವರ ಬೀಸುವ ಪದ, ಸೋಬಾನೆ ಪದ, ಅದನ್ನು ಮೊದಲು ಹಿಡಿಯಿರಿ. ಮೈಕು ಕಂಡರೆ ಅವರ ಗಂಟಲು ಕಟ್ಟುತ್ತದೆ, ಎರಡು ದಿನ ಅದನ್ನು ಸುಮ್ಮನೆ ಎದುರಿಗಿಟ್ಟು ಮಾತಾಡಿಸಿ. ಫೈಲಿನ ಹೆಸರಲ್ಲೇ ಹಾಡಿದವರು, ಊರು, ತಾರೀಖು ಬರೆಯಿರಿ. ನಮ್ಮ ಮನೆಯವು ಒಂದು ಪ್ರತಿ ಇಲ್ಲಿ ಅಹಮದಾಬಾದಿನಲ್ಲಿದೆ, ಇನ್ನೊಂದು ಧಾರವಾಡದಲ್ಲಿ ತಂಗಿ ಮನೆಯ ಟ್ರಂಕಿನಲ್ಲಿ, ಅವಳ ಮದುವೆ ಸೀರೆಗಳ ಕೆಳಗೆ.