ಮರುಭೂಮಿಯ ಸಹೋದರ ಸಂತ ಚಾರ್ಲ್ಸ್ ದ ಫುಕೋ

ಡಿಸೆಂಬರ್ 1ರಂದು ಧರ್ಮಸಭೆ ಸಂತ ಚಾರ್ಲ್ಸ್ ದ ಫುಕೋರವರನ್ನು ಸ್ಮರಿಸುತ್ತದೆ. 1858ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಇವರು ಯೌವನದಲ್ಲಿ ವಿಶ್ವಾಸವನ್ನೇ ತೊರೆದಿದ್ದರು. ಮೊರಾಕ್ಕೊದಲ್ಲಿ ಸಂಚರಿಸುವಾಗ ಮುಸ್ಲಿಮರ ಪ್ರಾರ್ಥನಾ ನಿಷ್ಠೆ ಅವರ ಮನವನ್ನು ಕಲಕಿತು. 1886ರಲ್ಲಿ ಪಾಪನಿವೇದನೆ ಮಾಡಿ ದೇವರಿಗೆ ಮರಳಿದರು.

1901ರಲ್ಲಿ ಗುರುದೀಕ್ಷೆ ಪಡೆದು ಆಲ್ಜೀರಿಯಕ್ಕೆ ತೆರಳಿದರು. 1905ರಿಂದ ತಮನ್ರಾಸೆಟ್‌ನಲ್ಲಿ ತುವಾರೆಗ್ ಜನರ ನಡುವೆ ನೆಲೆಸಿ, ಅವರ ಭಾಷೆ ಕಲಿತು ನಿಘಂಟು ರಚಿಸಿದರು. ಬೀದಿಯಲ್ಲಿ ನಿಂತು ಬೋಧಿಸಲಿಲ್ಲ. ಎಲ್ಲರಿಗೂ ಸಹೋದರನಾಗಿ ಬಾಳುವುದೇ ಅವರ ಶುಭಸಂದೇಶವಾಗಿತ್ತು. 1907ರ ಕ್ರಿಸ್ಮಸ್‌ಗೆ ಜೊತೆಗೊಬ್ಬ ಕ್ರೈಸ್ತನಿಲ್ಲದೆ ಬಲಿಪೂಜೆಯನ್ನೂ ಅರ್ಪಿಸಲಾಗಲಿಲ್ಲ. ಮರುತಿಂಗಳು ಕಾಯಿಲೆಯಿಂದ ಸಾವಿನಂಚಿಗೆ ಬಂದಾಗ, ಬರಗಾಲದಲ್ಲೂ ತುವಾರೆಗರು ಮೇಕೆಹಾಲು ಹುಡುಕಿ ತಂದು ಅವರನ್ನು ಉಳಿಸಿದರು. ಕೊಡಲು ಹೋದ ಗುರು ಅಂದು ಬೇಡಿ ಪಡೆಯುವ ಬಡವನಾದರು. ಅಲ್ಲಿಂದಲೇ ಆ ಸ್ನೇಹ ಗಾಢವಾಯಿತು.

1916ರ ಡಿಸೆಂಬರ್ 1ರಂದು ದಾಳಿಕೋರರ ಗುಂಡಿಗೆ ಬಲಿಯಾದಾಗ ಅವರೊಡನೆ ಬಾಳಲು ಒಬ್ಬ ಶಿಷ್ಯನೂ ಇರಲಿಲ್ಲ. ಆದರೆ ಗೋಧಿಕಾಳು ಸತ್ತು ಫಲ ಕೊಟ್ಟಿತು. 1933ರಲ್ಲಿ ಅವರ ಆದರ್ಶದಲ್ಲಿ ಯೇಸುವಿನ ಕಿರಿಯ ಸಹೋದರರ ಸಭೆ ಆರಂಭವಾಯಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ನಮ್ಮ ನಾಡಿನ ದೇವಸಹಾಯಂ ಪಿಳ್ಳೆಯವರೊಂದಿಗೆ ಇವರನ್ನೂ ಸಂತರೆಂದು ಘೋಷಿಸಿದರು.

ಪ್ರಿಯರೇ, ನಮ್ಮ ಪಕ್ಕದ ಮನೆಯವರು ನಮ್ಮಲ್ಲಿ ಯೇಸುವನ್ನು ಕಾಣುತ್ತಿದ್ದಾರೆಯೇ? ಅವರ ಕೈಯಿಂದ ಒಂದು ಲೋಟ ಹಾಲು ಪಡೆಯುವಷ್ಟು ದೀನತೆ ನಮ್ಮಲ್ಲಿದೆಯೇ?