ಸ್ಟೋರ್ಡ್ ಪ್ರೊಸೀಜರ್ ಮತ್ತು ಕ್ವೆರಿ ವೇಗ

ಸ್ಟೋರ್ಡ್ ಪ್ರೊಸೀಜರ್ ಎಂದರೆ ಹೆಸರಿಟ್ಟು ಡೇಟಾಬೇಸಿನೊಳಗೇ ಇರಿಸಿದ ಎಸ್‌ಕ್ಯೂಎಲ್ ಆದೇಶಗಳ ಕಂತೆ. ಅದು ಮೊದಲೇ ಕಂಪೈಲ್ ಆಗಿರುತ್ತದೆ, ಆದ್ದರಿಂದ ಬಿಡಿ ಕ್ವೆರಿಗಿಂತ ವೇಗವಾಗಿ ಓಡುತ್ತದೆ ಎಂಬ ಹೇಳಿಕೆ ಇಂದಿಗೂ ಚಾಲ್ತಿಯಲ್ಲಿದೆ. ಈ ಹೇಳಿಕೆ ಯಾವ ಉತ್ಪನ್ನದ ಯಾವ ಆವೃತ್ತಿಗೆ ಅನ್ವಯಿಸುತ್ತದೆ ಎಂಬುದನ್ನು ಬಿಟ್ಟುಬಿಡುವುದೇ ಗೊಂದಲದ ಮೂಲ.

ಆರಂಭ

1970ರ ದಶಕದಲ್ಲಿ ಐಬಿಎಂನ ಸಿಸ್ಟಮ್ ಆರ್ ಯೋಜನೆ, ಪ್ರೋಗ್ರಾಮಿನೊಳಗಿನ ಎಸ್‌ಕ್ಯೂಎಲ್ಲನ್ನು ಮುಂಚಿತವಾಗಿ ಕಂಪೈಲ್ ಮಾಡಿಡುವ ಕ್ರಮವನ್ನು ತೋರಿಸಿತು. ಸೈಬೇಸ್ ಕಂಪನಿ 1987ರಲ್ಲಿ ತನ್ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಟೋರ್ಡ್ ಪ್ರೊಸೀಜರನ್ನು ಮಾರುಕಟ್ಟೆಗೆ ತಂದಿತು. ಒರಾಕಲ್ 7 (1992) ಇದೇ ಹಾದಿ ಹಿಡಿಯಿತು. 1996ರಲ್ಲಿ ಪ್ರೊಸೀಜರುಗಳಿಗೆ ಎಸ್‌ಕ್ಯೂಎಲ್/ಪಿಎಸ್‌ಎಂ ಮಾನದಂಡ ಬಂತು.

1998ರ ತಿರುವು

ಸೈಬೇಸ್ ಮೂಲದಿಂದ ಬೆಳೆದ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್, 6.5ನೇ ಆವೃತ್ತಿಯವರೆಗೆ ಪ್ರೊಸೀಜರ್ ರಚಿಸಿದಾಗಲೇ ಅದರ ಅರೆ ಕಂಪೈಲ್ ಆದ ರೂಪವನ್ನು ಸಿಸ್ಟಮ್ ಟೇಬಲ್‌ನಲ್ಲಿ ಇರಿಸುತ್ತಿತ್ತು. ಓಡಿಸುವಾಗ ಉಳಿದ ಕೆಲಸವಷ್ಟೇ ಬಾಕಿ. ಬಿಡಿ ಕ್ವೆರಿಗೆ ಈ ಸೌಲಭ್ಯವಿರಲಿಲ್ಲ. ವೇಗದ ಹೇಳಿಕೆಗೆ ಆಗ ಆಧಾರವಿತ್ತು.

1998ರ 7.0 ಆವೃತ್ತಿ ಇದನ್ನು ಬದಲಿಸಿತು. ರಚಿಸಿದಾಗ ಪ್ರೊಸೀಜರಿನ ಪಠ್ಯ ಮಾತ್ರ ಉಳಿಯತೊಡಗಿತು; ಪ್ಲಾನ್, ಅಂದರೆ ಕ್ವೆರಿಯನ್ನು ಹೇಗೆ ಓಡಿಸಬೇಕೆಂಬ ಯೋಜನೆ, ಸಿದ್ಧವಾಗುತ್ತಿದ್ದುದು ಮೊದಲ ಬಾರಿ ಓಡಿದಾಗ. ಜೊತೆಗೆ ಬಿಡಿ ಕ್ವೆರಿಗಳ ಪ್ಲಾನ್‌ಗಳೂ ಪ್ರೊಸೀಜರಿನ ಪ್ಲಾನ್ ಇರುವ ಕ್ಯಾಷ್‌ನಲ್ಲೇ (ಮೆಮೊರಿಯಲ್ಲಿನ ತಾತ್ಕಾಲಿಕ ಸಂಗ್ರಹ) ಉಳಿದು ಮರುಬಳಕೆಯಾಗತೊಡಗಿದವು. ಪ್ಯಾರಾಮೀಟರ್ (ಓಡಿಸುವಾಗ ಮೌಲ್ಯ ತುಂಬುವ ಜಾಗ) ಬಳಸಿ ಬರೆದ ಕ್ವೆರಿಗೂ ಪ್ರೊಸೀಜರಿಗೂ ಇದ್ದ ಅಂತರ ಬಹುಪಾಲು ಅಳಿಯಿತು. ಆದರೆ ಹಳೆಯ ವಿವರಣೆ ಹೊಸ ಆವೃತ್ತಿಗಳಿಗೂ ಅಂಟಿಕೊಂಡು ಬಂತು.

ಮರುಬಳಕೆಗೆ ಬೆಲೆಯೂ ಇತ್ತು. ಹತ್ತು ಸಾಲು ಹುಡುಕಲು ಮಾಡಿದ ಪ್ಲಾನ್, ಹತ್ತು ಲಕ್ಷ ಸಾಲು ಬೇಕಾದಾಗಲೂ ಬಳಕೆಯಾಗಿ ಕ್ವೆರಿ ಕುಂಟುತ್ತದೆ. ಪ್ಯಾರಾಮೀಟರ್ ಸ್ನಿಫಿಂಗ್ ಎನ್ನುವ ಈ ತೊಡಕು ಪ್ಯಾರಾಮೀಟರ್ ಇರುವ ಬಿಡಿ ಕ್ವೆರಿಯನ್ನೂ ಬಿಡದು. 2022ರ ಆವೃತ್ತಿಯಲ್ಲಿ ಒಂದೇ ಕ್ವೆರಿಗೆ ಹಲವು ಪ್ಲಾನ್ ಇಟ್ಟುಕೊಳ್ಳುವ ವ್ಯವಸ್ಥೆ ಬಂತು.

ಇತರ ಉತ್ಪನ್ನಗಳು

ಮೈಎಸ್‌ಕ್ಯೂಎಲ್ 5.0 (2005) ಪ್ರೊಸೀಜರುಗಳನ್ನು ತಂದರೂ ಅದರ ಕ್ಯಾಷ್ ಆಯಾ ಕನೆಕ್ಷನ್‌ಗೆ ಸೀಮಿತ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ 9.2 (2012) ಮೊದಲ ಐದು ಬಾರಿ ಕೊಟ್ಟ ಮೌಲ್ಯಕ್ಕೆ ತಕ್ಕ ಪ್ಲಾನ್ ಮಾಡಿ, ಬಳಿಕ ವೆಚ್ಚ ಹೋಲಿಸಿ ಸಾಮಾನ್ಯ ಪ್ಲಾನ್ ಸಾಕೇ ಎಂದು ತೀರ್ಮಾನಿಸತೊಡಗಿತು.

ಉಳಿದ ಲಾಭ

ವಿವಾದವಿಲ್ಲದ ಲಾಭ ನೆಟ್‌ವರ್ಕಿನದು: ಹತ್ತಾರು ಆದೇಶಗಳ ವಹಿವಾಟು ಒಂದೇ ಕರೆಯಲ್ಲಿ ಮುಗಿಯುತ್ತದೆ. ಒಂದೇ ಕ್ವೆರಿಯ ಪ್ರೊಸೀಜರಿಗೆ ಈ ಉಳಿತಾಯ ಅತ್ಯಲ್ಪ. ಕರ್ಸರ್ ಹಿಡಿದು ಸಾಲು ಸಾಲಾಗಿ ಸಾಗುವ ಪ್ರೊಸೀಜರಾದರೆ ಒಟ್ಟು ಕೆಲಸವೇ ನಿಧಾನವಾಗಬಹುದು.

‘ಮೊದಲೇ ಕಂಪೈಲ್’ ಎಂಬುದು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಕ್ಷರಶಃ ನಿಜವಾದದ್ದು 2014ರಲ್ಲಿ. ಮೆಮೊರಿಯಲ್ಲೇ ಇರುವ ಟೇಬಲ್‌ಗಳಿಗೆ ಬರೆದ ವಿಶೇಷ ಪ್ರೊಸೀಜರುಗಳು ಆಗಿನಿಂದ ರಚನೆಯ ವೇಳೆಯಲ್ಲೇ ಯಂತ್ರಭಾಷೆಗೆ ಇಳಿಯುತ್ತವೆ. ದತ್ತಾಂಶದ ಸ್ವರೂಪ ಬದಲಾದರೂ ಅವುಗಳ ಪ್ಲಾನ್ ತಾನಾಗಿ ಬದಲಾಗುತ್ತಿರಲಿಲ್ಲ. ಆ ಆವೃತ್ತಿಯಲ್ಲಿ ಪ್ರೊಸೀಜರನ್ನು ಅಳಿಸಿ ಮತ್ತೆ ರಚಿಸಬೇಕಿತ್ತು.